ಹೋಟೆಲ್ ಚೆನ್ನಾಗಿದೆ, ಆದರೆ ಯಾವ ರೂಮು?

ಓದುಗರ ಪ್ರಶ್ನೆ: ನಾವು ಬೆಂಗಳೂರಿನವರು. ಶ್ರಾವಣದಲ್ಲಿ ಶಿವಮೊಗ್ಗದಲ್ಲಿ ನಮ್ಮ ಯಜಮಾನರ ಕಡೆ ಒಂದು ಮದುವೆ ಇದೆ. ಮೂರು ರಾತ್ರಿ ಉಳಿಯಬೇಕು. ಅತ್ತೆ, ಮಾವ, ನಾವಿಬ್ಬರು, ಕಾಲೇಜಿಗೆ ಹೋಗುವ ಮಗಳು. ಊರ ಮಧ್ಯದಲ್ಲೇ ಇರುವ ಒಂದು ಬೊಟಿಕ್ ಹೋಟೆಲ್ ಮಗಳಿಗೆ ತುಂಬಾ ಹಿಡಿಸಿದೆ. ಫೋಟೋದಲ್ಲಿ ನೋಡಿದರೆ ನಿಜಕ್ಕೂ ಸೊಗಸಾಗಿದೆ. ಆದರೆ ಸಾಗರದಲ್ಲಿರುವ ನಾದಿನಿ, ‘ಮಳೆಗಾಲದಲ್ಲಿ ಅಂಥ ಕಡೆ ಉಳೀಬೇಡಿ, ಒಳಗೆಲ್ಲ ಮುಗ್ಗಲು ವಾಸನೆ, ದುಡ್ಡು ದಂಡ’ ಅಂತಾಳೆ. ಅತ್ತೆಗೆ ಉಬ್ಬಸ ಇದೆ, ಮಂಡಿನೋವೂ ಇದೆ. ಬಾತ್‌ರೂಮಿಗೆ ಗಾಜಿನ ಗೋಡೆ ಇರುವುದನ್ನು ನೋಡಿ ಮಾವ ‘ಬೇಡವೇ ಬೇಡ’ ಅಂದಿದ್ದಾರೆ. ಮಗಳಿಗೆ ಕ್ಯಾಮೆರಾ ಭಯ. ಮದುವೆ ಮುಗಿದ ಮೇಲೆ ಸಕ್ರೆಬೈಲು, ಜೋಗ ನೋಡುವ ಆಸೆಯೂ ಇದೆ. ಈ ಹೋಟೆಲ್ಲೇ ಬುಕ್ ಮಾಡಲೋ, ಊರ ಹೊರಗೆ ಹೋಂಸ್ಟೇ ನೋಡಲೋ, ಬಸ್‌ಸ್ಟ್ಯಾಂಡ್ ಹತ್ತಿರದ ಹಳೇ ಲಾಡ್ಜೇ ಸಾಕೋ?

ಉತ್ತರ:

ನಿಮ್ಮ ನಾದಿನಿಯ ಮಾತಿನಲ್ಲಿ ಅರ್ಧ ನಿಜ ಇದೆ. ಮೊದಲು ಹೋಟೆಲ್ ಫ್ರಂಟ್ ಆಫೀಸಿನಲ್ಲಿ ಕೂತು, ಆಮೇಲೆ ಮಲೆನಾಡಿನ ಹೋಟೆಲುಗಳ ರಿಪೇರಿ, ಮೇಂಟೆನೆನ್ಸ್ ನೋಡಿಕೊಳ್ಳುವ ಕೆಲಸಕ್ಕೆ ಬಂದವನು ನಾನು. ಜುಲೈ, ಆಗಸ್ಟಿನಲ್ಲಿ ಮಾಲೀಕರಿಂದ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಈ ಮುಗ್ಗಲು ವಾಸನೆಯ ಗೋಳೇ. ಆದರೆ ಬೊಟಿಕ್ ಹೋಟೆಲ್ ಅಂದ ಕೂಡಲೇ ಮುಗ್ಗಲು ಅಂತ ತೀರ್ಮಾನ ಮಾಡುವುದು ತಪ್ಪು. ಒಂದೇ ಹೋಟೆಲಿನ ಒಂದೇ ಮಹಡಿಯಲ್ಲಿ ಒಂದು ರೂಮು ಒಣಗಿಕೊಂಡು ಚೆನ್ನಾಗಿರುತ್ತದೆ, ಅದರ ಎದುರಿನ ರೂಮಿನಲ್ಲಿ ದಿಂಬು ಮೂಸಿದರೆ ತಲೆನೋವು ಬರುತ್ತದೆ. ನಿಮ್ಮ ಮೂರು ರಾತ್ರಿ ಹೇಗೆ ಕಳೆಯುತ್ತದೆ ಅನ್ನುವುದು ಹೋಟೆಲಿನ ಹೆಸರಿಗಿಂತ ನಿಮಗೆ ಸಿಗುವ ರೂಮಿನ ಮೇಲೆ ನಿಂತಿದೆ. ಆ ರೂಮನ್ನು ಕೇಳಿ ಪಡೆಯುವುದು ಹೇಗೆ ಅಂತ ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ಮಾತು. ಹೋಟೆಲುಗಳಿಗೆ ಸ್ಟಾರ್ ದರ್ಜೆ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ. ಅದನ್ನು ಪಡೆಯಲೇಬೇಕು ಅಂತ ಕಡ್ಡಾಯ ಏನಿಲ್ಲ. ಆ ಪಟ್ಟಿಯಲ್ಲಿ ಬೊಟಿಕ್ ಅನ್ನುವ ದರ್ಜೆಯೂ ಇಲ್ಲ. ಹಾಗಾಗಿ ಯಾರು ಬೇಕಾದರೂ ಬೋರ್ಡಿನಲ್ಲಿ ಬೊಟಿಕ್ ಅಂತ ಬರೆಸಿಕೊಳ್ಳಬಹುದು, ತಪ್ಪೇನಿಲ್ಲ. ಸಾಮಾನ್ಯವಾಗಿ ಕಡಿಮೆ ರೂಮು, ಒಳಗೆ ಡಿಸೈನರ್ ಕೈಯಲ್ಲಿ ಮಾಡಿಸಿದ ಅಲಂಕಾರ, ಒಂದೊಂದು ರೂಮು ಒಂದೊಂದು ಥರ. ಇಷ್ಟನ್ನೇ ನೀವು ನಿರೀಕ್ಷಿಸಬಹುದು. ಲಿಫ್ಟ್ ಇರಬೇಕು, ಜನರೇಟರ್ ಇರಬೇಕು, ರೂಮು ಇಷ್ಟು ಅಗಲ ಇರಬೇಕು ಅನ್ನುವ ಯಾವ ಖಾತರಿಯೂ ಆ ಹೆಸರಿನಲ್ಲಿ ಇಲ್ಲ. ಅವೆಲ್ಲ ಕೇಳಿಯೇ ತಿಳಿದುಕೊಳ್ಳಬೇಕು.

ಈಗ ಮುಗ್ಗಲಿನ ವಿಷಯ. ‘ಮಲೆನಾಡಲ್ವಾ, ಮಳೆ ಅಂದ್ಮೇಲೆ ವಾಸನೆ ಇದ್ದೇ ಇರುತ್ತೆ’ ಅಂತ ರಿಸೆಪ್ಷನ್‌ನಲ್ಲಿ ಹೇಳುತ್ತಾರೆ. ಇದು ಸುಮ್ನೆ ಜಾರಿಕೊಳ್ಳುವ ಮಾತು. ಶಿವಮೊಗ್ಗ ನಗರ ಅರೆಮಲೆನಾಡು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ನಗರದಲ್ಲಿ ಅದರ ಕಾಲು ಭಾಗವೂ ಇಲ್ಲ. ಅಷ್ಟೊಂದು ಮಳೆ ಹೊಡೆಯುವ ತೀರ್ಥಹಳ್ಳಿ, ಹೊಸನಗರ ಕಡೆಯ ಹಳೇ ಮನೆಗಳಲ್ಲಿ ಹೋಗಿ ನೋಡಿ. ತಂಪಿರುತ್ತದೆ, ಹೊಗೆ ವಾಸನೆ ಇರುತ್ತದೆ, ಆದರೆ ಉಸಿರು ಕಟ್ಟುವ ಮುಗ್ಗಲು ಅಷ್ಟಾಗಿ ಇರುವುದಿಲ್ಲ. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಸೂರು ಮುಂದಕ್ಕೆ ಚಾಚಿರುವುದರಿಂದ ಗೋಡೆಗೆ ಇರಚಲು ಹೊಡೆಯುವುದಿಲ್ಲ. ನೆಲ ಕಾವಿಯದ್ದು, ಒರೆಸಿದರೆ ಒಣಗುತ್ತದೆ. ತೇವ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ.

ಊರ ನಡುವಿನ ಹೋಟೆಲಿನಲ್ಲಿ ಇದರ ತದ್ವಿರುದ್ಧ. ನೆಹರು ರಸ್ತೆ, ದುರ್ಗಿಗುಡಿ, ಬಿ.ಎಚ್. ರಸ್ತೆ ಆಸುಪಾಸಿನಲ್ಲಿ ಸೈಟು ಕಿರಿದು, ಉದ್ದ ಜಾಸ್ತಿ. ಎರಡೂ ಪಕ್ಕ ಅಂಟಿಕೊಂಡಂತೆ ಅಂಗಡಿ ಕಟ್ಟಡ. ರಸ್ತೆ ಕಡೆಯ ರೂಮುಗಳಿಗೆ ದೊಡ್ಡ ಕಿಟಕಿ ಸಿಗುತ್ತದೆ. ನಡುವಿನ ರೂಮುಗಳಿಗೆ ಸಿಗುವುದು ಪೈಪು ಇಳಿದ ಡಕ್ಟಿನ ಕಡೆಗೊಂದು ಸಣ್ಣ ಕಿಟಕಿ, ಅದೂ ಬಹಳ ಸಲ ಸ್ಕ್ರೂ ಹಾಕಿ ಮುಚ್ಚಿರುತ್ತಾರೆ. ಆ ಮುಚ್ಚಿದ ಡಬ್ಬಿಯೊಳಗೆ ಪ್ಲೈವುಡ್, ಜಿಪ್ಸಂ ಬೋರ್ಡ್, ವಾಲ್‌ಪೇಪರ್, ರತ್ನಗಂಬಳಿ, ಬಟ್ಟೆ ಹೊದಿಸಿದ ಹೆಡ್‌ಬೋರ್ಡ್ ಎಲ್ಲ ತುಂಬುತ್ತಾರೆ. ತೇವ ಕುಡಿದು ಹಿಡಿದಿಟ್ಟುಕೊಳ್ಳುವ ವಸ್ತುಗಳೇ ಎಲ್ಲ. ಗಾಳಿಯಲ್ಲಿ ತೇವಾಂಶ ನೂರಕ್ಕೆ ಅರವತ್ತು, ಎಪ್ಪತ್ತು ದಾಟಿ ಹಾಗೇ ದಿನಗಟ್ಟಲೆ ನಿಂತರೆ ಬೂಷ್ಟು ಬೆಳೆಯಲು ಬೇರೇನೂ ಬೇಡ. ಮಳೆಗಾಲದಲ್ಲಿ ಶಿವಮೊಗ್ಗದ ಗಾಳಿ ಆ ಮಟ್ಟ ಆರಾಮಾಗಿ ದಾಟುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಹೋಟೆಲಿನಲ್ಲಿ ಒಂದೇ ರೂಮಿನ ಬಗ್ಗೆ ದೂರು ಬರುತ್ತಿತ್ತು. ಗೋಡೆಗೆ ಹೊಸ ಬಣ್ಣ, ಹೊಸ ಹಾಸಿಗೆ, ದಿನಾ ಸುವಾಸನೆಯ ಸ್ಪ್ರೇ, ಏನು ಮಾಡಿದರೂ ಮೂರನೇ ದಿನಕ್ಕೆ ಮತ್ತೆ ಅದೇ ವಾಸನೆ. ಮಂಚದ ತಲೆಕಡೆ ಗೋಡೆ ತುಂಬಾ ಹಸಿರು ವೆಲ್ವೆಟ್ ಪ್ಯಾನೆಲ್ ಇತ್ತು, ನೋಡಲು ತುಂಬಾ ಚೆನ್ನಾಗಿತ್ತು. ಬಡಗಿಯನ್ನು ಕರೆಸಿ ಬಿಚ್ಚಿಸಿದೆವು. ಹಿಂದಿನ ಪ್ಲೈವುಡ್ ಮೇಲೆ ಅಂಗೈ ಅಗಲದ ಕಪ್ಪು ವೃತ್ತಗಳು, ಅವುಗಳ ಅಂಚಿನಲ್ಲಿ ಬೂದಿಯಂಥ ಬಿಳಿ ಪುಡಿ. ಬೆರಳಿಟ್ಟರೆ ಪ್ಲೈವುಡ್ ಪದರ ಪದರವಾಗಿ ಏಳುತ್ತಿತ್ತು. ಗೋಡೆ ಪಡುವಣ ದಿಕ್ಕಿನದು, ಹೊರಗಡೆ ಮಳೆ ನೇರ ಹೊಡೆಯುತ್ತಿತ್ತು. ಗೋಡೆಗೂ ಪ್ಯಾನೆಲ್ಲಿಗೂ ಮಧ್ಯೆ ಬೆರಳು ತೂರುವಷ್ಟೂ ಸಂದಿ ಇರಲಿಲ್ಲ. ಅತಿಥಿಗಳ ತಲೆ ಪ್ರತಿ ರಾತ್ರಿ ಅದಕ್ಕೇ ಒರಗುತ್ತಿತ್ತು. ಹೊರಗಿನ ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಪ್ಯಾನೆಲ್ ಹಿಂದೆ ಗಾಳಿ ಆಡುವ ಹಾಗೆ ಸಂದಿ ಬಿಟ್ಟು ಕೂರಿಸಿದ ಮೇಲೆ ದೂರು ನಿಂತಿತು. ಅಲಂಕಾರದ ತಪ್ಪು ಅನ್ನುವುದಕ್ಕಿಂತ ಗೋಡೆಯ ದಿಕ್ಕು ನೋಡದೆ ಅಲಂಕಾರ ಮಾಡಿದ್ದರ ತಪ್ಪು ಅದು.

‘ಎಸಿ ಹಾಕಿದ್ರೆ ತೇವ ಹೋಗುತ್ತೆ’ ಅನ್ನುವುದು ಇನ್ನೊಂದು ನಂಬಿಕೆ. ಬೇಸಿಗೆಯಲ್ಲಿ ನಿಜ. ಮಳೆಗಾಲದಲ್ಲಿ ಹೊರಗಿನ ಹವೆಯೇ ತಂಪು. ನೀವು ಎಸಿಯನ್ನು 24ಕ್ಕೆ ಇಟ್ಟರೆ ರೂಮು ಆಗಲೇ ಅಷ್ಟು ತಂಪಿರುವುದರಿಂದ ಕಂಪ್ರೆಸರ್ ಓಡುವುದೇ ಅಪರೂಪ. ಗಾಳಿಯಿಂದ ನೀರು ಹಿಂಡುವುದು ಕಂಪ್ರೆಸರ್ ಓಡಿದಾಗ ಮಾತ್ರ. ಅದು ನಿಂತು ಬರೀ ಫ್ಯಾನ್ ತಿರುಗಿದರೆ, ಒಳಗಿನ ಕಾಯಿಲ್ ಮೇಲೆ ಕೂತ ನೀರಿನ ಪಸೆ ಮತ್ತೆ ರೂಮಿಗೇ ಬರುತ್ತದೆ. ‘ಎಸಿ ಹಾಕಿದ ಮೇಲೇ ವಾಸನೆ ಜಾಸ್ತಿ ಆಯ್ತು’ ಅಂತ ಜನ ಹೇಳುವುದು ಇದಕ್ಕೇ. ರಿಮೋಟಿನಲ್ಲಿ ನೀರಿನ ಹನಿಯ ಗುರುತಿರುವ ಡ್ರೈ ಮೋಡ್ ಇರುತ್ತದೆ, ಮಳೆಗಾಲದಲ್ಲಿ ಅದನ್ನು ಬಳಸಿ. ಹಾಗಂತ 18ಕ್ಕೆ ಇಟ್ಟು ರೂಮನ್ನು ಫ್ರಿಜ್ ಮಾಡಬೇಡಿ. ಗೋಡೆ, ಗಾಜು ತಣ್ಣಗಾಗಿ, ಬಾಗಿಲು ತೆಗೆದಾಗಲೆಲ್ಲ ಹೊರಗಿನ ತೇವದ ಗಾಳಿ ಅವುಗಳ ಮೇಲೆ ಬೆವರಿನಂತೆ ಕೂರುತ್ತದೆ. ಇನ್ನೊಂದು ತೊಡಕಿದೆ. ಬಾಗಿಲ ಪಕ್ಕದ ಸ್ಲಾಟಿನಲ್ಲಿ ಕೀ ಕಾರ್ಡ್ ಇದ್ದರಷ್ಟೇ ರೂಮಿಗೆ ಕರೆಂಟ್. ಅದನ್ನು ತೆಗೆದುಕೊಂಡು ಮದುವೆ ಮನೆಗೆ ಹೋದರೆ ಹಗಲೆಲ್ಲ ರೂಮಿನಲ್ಲಿ ಎಸಿಯೂ ಇಲ್ಲ, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನೂ ಇಲ್ಲ. ಬೆಳಗ್ಗೆ ಐದು ಜನ ಸ್ನಾನ ಮಾಡಿದ ಹಬೆಯೆಲ್ಲ ಸಂಜೆವರೆಗೂ ಒಳಗೇ ಇರುತ್ತದೆ. ಸ್ನಾನ ಮುಗಿದ ಮೇಲೆ ಎಕ್ಸಾಸ್ಟ್ ಅರ್ಧ ಗಂಟೆ ಓಡಲಿ, ಆಮೇಲೆ ಹೊರಡಿ.

ಎಲ್ಲ ವಾಸನೆಯೂ ಮುಗ್ಗಲೇ ಆಗಿರುವುದಿಲ್ಲ. ಬಾತ್‌ರೂಮ್ ಕಡೆಯಿಂದ ಮೋರಿಯ ವಾಸನೆ ಬಂದರೆ ನೆಲದ ಜಾಲರಿಯ ಕೆಳಗೆ, ನೀರು ನಿಂತು ಮೋರಿಯ ವಾಸನೆ ತಡೆಯುವ ಟ್ರ್ಯಾಪ್‌ನಲ್ಲಿ ನೀರು ಒಣಗಿದೆ ಅಂತ ಅರ್ಥ. ರೂಮು ಕೆಲವು ದಿನ ಖಾಲಿ ಇದ್ದಾಗ ಹೀಗಾಗುತ್ತದೆ. ಎರಡು ಮಗ್ ನೀರು ಸುರಿದು ಸ್ವಲ್ಪ ಹೊತ್ತು ಬಿಟ್ಟು ನೋಡಿ. ಹೋದರೆ ಸರಿ, ಹೋಗದಿದ್ದರೆ ರೂಮು ಬದಲಿಸಿ ಅನ್ನಿ.

ಇನ್ನು ರೂಮಿನ ಆಯ್ಕೆ. ಇಲ್ಲಿ ಒಂದು ಇಕ್ಕಟ್ಟಿದೆ. ಅದನ್ನು ಯಾವ ಆ್ಯಪಿನಲ್ಲೂ ಬರೆದಿರುವುದಿಲ್ಲ. ರಸ್ತೆ ಕಡೆಯ ರೂಮಿಗೆ ಗಾಳಿ, ಬೆಳಕು ಬರುತ್ತದೆ, ಹಾಗಾಗಿ ಒಣಗಿರುತ್ತದೆ, ಆದರೆ ಗದ್ದಲ. ಒಳಗಿನ ರೂಮು ನಿಶ್ಶಬ್ದ, ಆದರೆ ತೇವ. ಶಿವಮೊಗ್ಗದಲ್ಲಿ ಕೆಎಸ್‌ಆರ್‌ಟಿಸಿ ನಿಲ್ದಾಣ, ಖಾಸಗಿ ಬಸ್ ನಿಲ್ದಾಣ ಎರಡೂ ಬಿ.ಎಚ್. ರಸ್ತೆಯಲ್ಲೇ ಅಕ್ಕಪಕ್ಕ ಇವೆ. ನಸುಕಿಗೇ ಹಾರ್ನ್ ಶುರುವಾಗುತ್ತದೆ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಕಾನೂನಿನ ತಡೆ ಇದೆ. ಬಸ್ಸಿನ ಹಾರ್ನಿಗೆ ಯಾರ ತಡೆಯೂ ಇದ್ದಂತಿಲ್ಲ! ನಿದ್ದೆ ಸೂಕ್ಷ್ಮ ಇರುವವರಿಗೆ ನಾನು ಒಳಗಿನ ರೂಮು ಹೇಳುತ್ತಿದ್ದೆ. ನಿಮ್ಮ ಮನೆಯಲ್ಲಿ ಉಬ್ಬಸದವರಿದ್ದಾರೆ. ಹಾಗಾಗಿ ಯೋಚನೆಯೇ ಬೇಡ, ತೆರೆಯುವ ಕಿಟಕಿ ಇರುವ ಹೊರಗಿನ ರೂಮೇ ತೆಗೆದುಕೊಳ್ಳಿ. ಗದ್ದಲಕ್ಕೆ ಕಿವಿಗೆ ಹತ್ತಿ ಇಟ್ಟುಕೊಳ್ಳಬಹುದು, ಮೂಗಿಗೆ ಹಾಗೆ ಮಾಡಲು ಆಗುವುದಿಲ್ಲ.

ದಿಕ್ಕು ಕೇಳಿ. ನಮ್ಮ ಮುಂಗಾರು ಮಳೆ ನೈಋತ್ಯದಿಂದ, ಪಡುವಣದಿಂದ ಬರುತ್ತದೆ. ಆ ಕಡೆಯ ಗೋಡೆಗಳು ಜೂನ್‌ನಿಂದ ನೆನೆದು ನೆನೆದು ಆಗಸ್ಟಿನ ಹೊತ್ತಿಗೆ ಒಳಗಿನ ಬಣ್ಣ ಉಬ್ಬಿಸಿರುತ್ತವೆ. ಮೂಡಣ ದಿಕ್ಕಿನ ರೂಮು ಸಿಕ್ಕರೆ ಅದೃಷ್ಟ, ಹೊಳವಾದಾಗ ಬೆಳಗಿನ ಬಿಸಿಲೂ ಬೀಳುತ್ತದೆ. ಮಹಡಿಯಲ್ಲಿ ತೀರಾ ಮೇಲಿನದು ಬೇಡ. ಆರ್‌ಸಿಸಿ ತಾರಸಿ ಮಲೆನಾಡಿನ ಮಳೆಗೆ ಒಂದಲ್ಲ ಒಂದು ಕಡೆ ಸೋರಿಯೇ ಸೋರುತ್ತದೆ. ಅನುಭವ ಇದ್ದವರು ತಾರಸಿ ಮೇಲೆ ಶೀಟಿನ ಮಾಡು ಹಾಕಿಸಿರುತ್ತಾರೆ. ಮೊದಲ ಮಹಡಿಯೂ ಬೇಡ, ಕೆಳಗೆ ಅಡುಗೆಮನೆ, ಬಾರ್ ಅಥವಾ ಪಾರ್ಟಿ ಹಾಲ್ ಇದ್ದರೆ ಒಗ್ಗರಣೆ ಘಾಟೂ ಸದ್ದೂ ಮೇಲಕ್ಕೆ ಬರುತ್ತದೆ. ಒಗ್ಗರಣೆ ಘಾಟು ಉಬ್ಬಸದವರಿಗೆ ಏನು ಮಾಡುತ್ತದೆ ಅಂತ ನಿಮಗೇ ಗೊತ್ತು. ನಡುವಿನ ಮಹಡಿ, ಲಿಫ್ಟಿಗೆ ಹತ್ತಿರ ಆದರೆ ಲಿಫ್ಟಿನ ಗೋಡೆಗೆ ಅಂಟಿಕೊಳ್ಳದ ರೂಮು. ಇಷ್ಟು ಕೇಳಿದರೆ ಫೋನ್ ಎತ್ತಿದವರಿಗೆ ನೀವು ತಿಳಿದವರು ಅಂತ ಅರ್ಥ ಆಗುತ್ತದೆ.

ಇದನ್ನೆಲ್ಲ ಕೇಳಬೇಕಾದರೆ ಹೋಟೆಲಿಗೇ ಫೋನ್ ಮಾಡಬೇಕು. ಆ್ಯಪಿನಲ್ಲಿ ಬುಕ್ ಮಾಡಿದರೆ ಸಿಗುವುದು ‘ಡಿಲಕ್ಸ್ ರೂಮ್’ ಅನ್ನುವ ಒಂದು ವರ್ಗ ಮಾತ್ರ, ಅದರೊಳಗೆ ಯಾವ ರೂಮು ಅನ್ನುವುದು ಆವತ್ತು ರಿಸೆಪ್ಷನ್‌ನಲ್ಲಿ ಕೂತವರ ಮರ್ಜಿ. ಫ್ರಂಟ್ ಆಫೀಸಿನ ಒಳಗಿನ ಮಾತು ಹೇಳುತ್ತೇನೆ. ಒಳ್ಳೆ ರೂಮುಗಳು ಮೊದಲು ಹೋಗುವುದು ನೇರ ಫೋನ್ ಮಾಡಿದವರಿಗೆ, ಮತ್ತೆ ಮತ್ತೆ ಬರುವವರಿಗೆ. ಆ್ಯಪಿನ ಕಮಿಷನ್ ಉಳಿಯುತ್ತದೆ, ಹಾಗಾಗಿ ದರದಲ್ಲೂ ಅಷ್ಟಿಷ್ಟು ಬಿಡುತ್ತಾರೆ. ಆ್ಯಪಿನಲ್ಲಿ ದರ ನೋಡಿಕೊಳ್ಳಿ, ಆಮೇಲೆ ಫೋನ್ ಮಾಡಿ. ಅಪಾಯವೂ ಇದೆ. ಆ್ಯಪಿನಲ್ಲಿ ಇರುವ ಉಚಿತ ರದ್ದತಿ ನೇರ ಬುಕಿಂಗಿನಲ್ಲಿ ಬಾಯಿಮಾತಿನಲ್ಲಿ ಉಳಿದುಹೋಗಬಹುದು. ರೂಮ್ ನಂಬರು, ದರ, ರದ್ದತಿಯ ಷರತ್ತು ಮೂರನ್ನೂ ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಂಡ ಮೇಲೇ ಅಡ್ವಾನ್ಸ್ ಕಳಿಸಿ. ಆ ರೂಮಿನ ವಿಡಿಯೋ ಕೇಳಿ. ಕಿಟಕಿ ತೆಗೆದು ತೋರಿಸಿ, ಬಾತ್‌ರೂಮಿನ ನೆಲ ತೋರಿಸಿ ಅನ್ನಿ. ವಿಡಿಯೋ ಕಳಿಸಲು ಸಬೂಬು ಹೇಳುವ ಕಡೆ ಉಳಿಯಬೇಡಿ.

ಇನ್ನೊಂದು ಮಾತು ಕಟ್ಟುನಿಟ್ಟಾಗಿ ಹೇಳಿಡಿ. ‘ನಾವು ಬರುವ ಮೊದಲು ರೂಮಿಗೆ ಸ್ಪ್ರೇ ಹೊಡೆಯಬೇಡಿ, ಧೂಪ, ಅಗರಬತ್ತಿ ಹಚ್ಚಬೇಡಿ.’ ಒಳ್ಳೆ ಉದ್ದೇಶಕ್ಕೇ ಮಾಡುತ್ತಾರೆ, ಆದರೆ ಎಷ್ಟೋ ಜನ ಉಬ್ಬಸದವರಿಗೆ ಮುಗ್ಗಲಿಗಿಂತ ಇದೇ ಬೇಗ ತೊಂದರೆ ಕೊಡುತ್ತದೆ. ವಾಸನೆ ಮುಚ್ಚುವುದರಿಂದ ನಿಮಗೂ ರೂಮಿನ ನಿಜಸ್ಥಿತಿ ಗೊತ್ತಾಗುವುದಿಲ್ಲ. ರತ್ನಗಂಬಳಿ, ಅಲಂಕಾರದ ದಿಂಬು, ಮಂಚದ ಮೇಲೆ ಅಡ್ಡ ಹಾಸುವ ಆ ವೆಲ್ವೆಟ್ ಪಟ್ಟಿ ಇವನ್ನೆಲ್ಲ ತೆಗೆದಿಡಲು ಹೇಳಿ. ಅದನ್ನು ಪ್ರತಿ ಸಲ ಒಗೆಯುವ ಹೋಟೆಲ್ ನಾನು ನೋಡಿದ್ದು ಕಡಿಮೆ. ಅತ್ತೆಯವರ ಔಷಧ, ಇನ್ಹೇಲರ್ ಬಗ್ಗೆ ಹೊರಡುವ ಮೊದಲು ಅವರ ಡಾಕ್ಟರ ಹತ್ತಿರ ಮಾತಾಡಿಬಿಡಿ, ಅದು ನನ್ನ ಕ್ಷೇತ್ರ ಅಲ್ಲ.

ಬಾತ್‌ರೂಮಿನ ಗಾಜಿನ ಗೋಡೆ ಬಗ್ಗೆ ನಿಮ್ಮ ಮಾವನವರ ಸಿಟ್ಟು ನನಗೆ ಅರ್ಥ ಆಗುತ್ತದೆ. ಡಿಸೈನರುಗಳು ಇದನ್ನು ಹಾಕುವುದು ಮೋಜಿಗಲ್ಲ. ರೂಮು ಕಿರಿದು, ಬಾತ್‌ರೂಮಿಗೆ ಹೊರಗಿನ ಕಿಟಕಿ ಇಲ್ಲ. ಗಾಜು ಹಾಕಿದರೆ ಬೆಳಕು ಹಂಚಿಕೆಯಾಗಿ ಎರಡೂ ದೊಡ್ಡದಾಗಿ ಕಾಣುತ್ತವೆ. ಹನಿಮೂನಿಗೆ ಬಂದವರಿಗೆ ಸರಿ, ಅತ್ತೆ ಮಾವನ ಜೊತೆ ಮೊಮ್ಮಗಳು ಮಲಗುವ ರೂಮಿಗೆ ಸರಿಯಲ್ಲ. ಬಹಳ ಕಡೆ ಗಾಜಿಗೆ ಬ್ಲೈಂಡ್ ಇರುತ್ತದೆ. ಅದನ್ನು ಎಳೆಯುವ ಹಗ್ಗ ಬಾತ್‌ರೂಮಿನ ಒಳಗಡೆ ಇದೆಯೋ, ರೂಮಿನ ಕಡೆ ಇದೆಯೋ ಅಂತ ಕೇಳಿ. ಹೊರಗಡೆ ಇದ್ದರೆ ಪ್ರಯೋಜನ ಅಷ್ಟಕ್ಕಷ್ಟೇ! ಎಲ್ಲ ರೂಮಿಗೂ ಗಾಜು ಇರುವುದಿಲ್ಲ, ಗೋಡೆ ಇರುವ ರೂಮೇ ಕೊಡಿ ಅಂತ ಕೇಳಿದರೆ ಸಿಗುತ್ತದೆ.

ನನಗೆ ಗಾಜಿಗಿಂತ ನೆಲದ ಚಿಂತೆ ಜಾಸ್ತಿ. ವಯಸ್ಸಾದವರು ಹೋಟೆಲಿನಲ್ಲಿ ಬೀಳುವುದು ಮೆಟ್ಟಿಲಿನಲ್ಲಿ ಅನ್ನುವುದಕ್ಕಿಂತ ಬಚ್ಚಲಿನಲ್ಲಿ. ಕನ್ನಡಿಯಂತೆ ಹೊಳೆಯುವ ಕಪ್ಪು ಟೈಲ್ಸ್, ಮೇಲಿಂದ ಸುರಿಯುವ ರೈನ್ ಶವರ್, ಮಂದ ದೀಪ, ಬಾಗಿಲಲ್ಲಿ ಎರಡಿಂಚಿನ ಹೊಸಿಲು. ಈ ನಾಲ್ಕೂ ಸೇರಿದರೆ ಮಂಡಿನೋವಿನವರಿಗೆ ಅಪಾಯವೇ. ಒರಟು ಟೈಲ್ಸ್ ಇದೆಯಾ, ಕಮೋಡಿನ ಪಕ್ಕ ಹಿಡಿದುಕೊಳ್ಳುವ ಕಂಬಿ ಇದೆಯಾ ಅಂತ ಕೇಳಿ. ರಬ್ಬರ್ ಮ್ಯಾಟ್, ಬಕೆಟ್, ಮಗ್, ಕೂತು ಸ್ನಾನ ಮಾಡಲು ಒಂದು ಪ್ಲಾಸ್ಟಿಕ್ ಸ್ಟೂಲ್ ಮೊದಲೇ ಹೇಳಿದರೆ ಎತ್ತಿಡುತ್ತಾರೆ. ಸ್ಟೈಲ್ ಕೆಡುತ್ತದೆ ಅಂತ ಬಕೆಟ್ ಅಡಗಿಸಿಟ್ಟಿರುತ್ತಾರೆ ಅಷ್ಟೇ, ಎಲ್ಲ ಹೋಟೆಲಿನಲ್ಲೂ ಇರುತ್ತದೆ. ಮಂಚವೂ ನೋಡಿ. ಈಗಿನ ಫ್ಯಾಷನ್ ನೆಲಕ್ಕೆ ಅಂಟಿದಂಥ ತಗ್ಗು ಮಂಚ, ಕೂತರೆ ಅತ್ತೆಯವರಿಗೆ ಏಳಲು ಇಬ್ಬರು ಬೇಕಾಗುತ್ತದೆ.

ಬಿಸಿನೀರು ಎಲ್ಲಿಂದ ಬರುತ್ತದೆ ಅಂತಲೂ ಕೇಳಿ. ಬರೀ ಸೋಲಾರ್ ಆದರೆ ಜಡಿಮಳೆಯ ವಾರದಲ್ಲಿ ಉಗುರುಬೆಚ್ಚಗಿನ ನೀರೇ ಗತಿ. ರೂಮಿನಲ್ಲೇ ಗೀಸರ್ ಇದ್ದರೆ ನಿಶ್ಚಿಂತೆ. ಕರೆಂಟ್ ಹೋದರೆ ಜನರೇಟರ್ ಲಿಫ್ಟಿಗೂ ಸಾಲುತ್ತದೆಯೋ, ದೀಪ ಫ್ಯಾನಿಗಷ್ಟೇನೋ ಅನ್ನುವುದೂ ಅದೇ ಉಸಿರಿನಲ್ಲಿ ಕೇಳಿಬಿಡಿ.

ಕ್ಯಾಮೆರಾ ವಿಷಯಕ್ಕೆ ಮಗಳಿಗೆ ಹೀಗೆ ಹೇಳಿ. ಕನ್ನಡಿಗೆ ಬೆರಳು ತಾಗಿಸಿ ನೋಡುವ ಪರೀಕ್ಷೆಯನ್ನು ನೆಚ್ಚಿಕೊಳ್ಳಬೇಡಿ. ಕನ್ನಡಿಯ ಬಗೆಯ ಮೇಲೆ ಅದರ ಫಲ ಬದಲಾಗುತ್ತದೆ. ದೀಪ ಆರಿಸಿ, ಟಾರ್ಚ್ ಬಿಟ್ಟು, ಮಂಚಕ್ಕೂ ಬಚ್ಚಲಿಗೂ ಎದುರಾಗಿರುವ ಗಡಿಯಾರ, ಸ್ಮೋಕ್ ಡಿಟೆಕ್ಟರ್, ಸಾಕೆಟ್ ಕಡೆ ನಿಧಾನಕ್ಕೆ ನೋಡಿದರೆ ಲೆನ್ಸ್ ಇದ್ದಲ್ಲಿ ಚುಕ್ಕೆಯಂತೆ ಹೊಳೆಯುತ್ತದೆ. ಅನುಮಾನ ಬಂದರೆ ಮುಟ್ಟದೆ ಫೋಟೋ ತೆಗೆದು 112ಕ್ಕೆ ಫೋನ್ ಮಾಡಿ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇರುವುದು ಇಂಥ ಕದ್ದು ನೋಡುವ ಅಪರಾಧಕ್ಕೇ. ಗುರುತಿನ ಚೀಟಿ ಕೇಳಿದಾಗ ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಅಥವಾ ಡ್ರೈವಿಂಗ್ ಲೈಸೆನ್ಸ್ ಕೊಡಿ. ಕೌಂಟರಿನಲ್ಲಿ ಆಧಾರ್ ಜೆರಾಕ್ಸುಗಳು ಯಾವ ರಟ್ಟಿನ ಡಬ್ಬಿಯಲ್ಲಿ ಬಿದ್ದಿರುತ್ತವೆ ಅಂತ ನೋಡಿದವನು ಹೇಳುತ್ತಿದ್ದೇನೆ.

ಹೋಂಸ್ಟೇ, ಲಾಡ್ಜ್ ವಿಚಾರ. ತೋಟದ ನಡುವಿನ ಹೋಂಸ್ಟೇ ನನಗೂ ಇಷ್ಟ. ಬೆಳಗ್ಗೆ ಕಡುಬು, ಚಟ್ನಿ, ಮಾತಾಡಲು ಮನೆಯವರು. ಆದರೆ ನಿಮ್ಮ ಈ ಪ್ರಯಾಣಕ್ಕೆ ಬೇಡ ಅನ್ನುತ್ತೇನೆ. ಮದುವೆಗೆ ನಸುಕಿನಲ್ಲೇ ಸೀರೆ ಉಟ್ಟು ಹೊರಡಬೇಕು, ಕೆಸರಿನ ದಾರಿಯಲ್ಲಿ ಇಂಬಳ ಕೊಡವಿಕೊಂಡು ಹೋಗುವ ಪಾಡು ಯಾಕೆ? ಬಚ್ಚಲಿನ ಹಂಡೆಗೆ ಸೌದೆ ಉರಿ ಹಾಕುವ ಮನೆಯಾದರೆ ಹಸಿ ಸೌದೆಯ ಹೊಗೆ ಅತ್ತೆಯವರಿಗೆ ಆಗುವುದಿಲ್ಲ. ಮರ ಬಿದ್ದು ಕರೆಂಟ್ ಹೋದರೆ ಮೊಬೈಲ್ ಸಿಗ್ನಲ್ಲೂ ಹೋಗಬಹುದು. ನಗರದ ನಡುವೆ ಇದ್ದರೆ ರಾತ್ರಿ ಹೊತ್ತಿಗೆ ತೊಂದರೆಯಾದರೂ ಮೆಗ್ಗಾನ್ ಆಸ್ಪತ್ರೆಗೆ ಆಟೋದಲ್ಲಿ ಕೆಲವೇ ನಿಮಿಷ. ಉಬ್ಬಸದವರಿದ್ದಾಗ ಇದೊಂದೇ ಕಾರಣ ಸಾಕು.

ಹಳೇ ಲಾಡ್ಜನ್ನು ಮಾತ್ರ ಕೀಳಾಗಿ ನೋಡಬೇಡಿ. ಮೊಸಾಯಿಕ್ ನೆಲ, ಸುಣ್ಣದ ಗೋಡೆ, ಎರಡು ಕಡೆ ಕಿಟಕಿ, ಮೂಲೆಯಲ್ಲೊಂದು ಕಬ್ಬಿಣದ ಬೀರು. ತೇವ ಹಿಡಿಯಲು ಅಲ್ಲಿ ವಸ್ತುವೇ ಇಲ್ಲ! ಮೂಗಿನ ಲೆಕ್ಕದಲ್ಲಿ ಎಷ್ಟೋ ಬೊಟಿಕ್ ರೂಮಿಗಿಂತ ಅದೇ ವಾಸಿ. ಇನ್ನೊಂದು ಅನುಕೂಲ, ಹಳೇ ಲಾಡ್ಜುಗಳಲ್ಲಿ ಬಹಳಷ್ಟು ಕಡೆ ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ. ಬೊಟಿಕ್ ಹೋಟೆಲಿನಲ್ಲಿ ಮಧ್ಯಾಹ್ನ 12ಕ್ಕೋ 2ಕ್ಕೋ ಚೆಕ್ ಇನ್. ಬೆಂಗಳೂರಿನಿಂದ ರಾತ್ರಿ ರೈಲಿಗೆ ಬಂದರೆ ನಸುಕಿಗೇ ಇಳಿಯುತ್ತೀರಿ, ಅಲ್ಲಿಂದ ಮಧ್ಯಾಹ್ನದವರೆಗೆ ಅತ್ತೆಯವರು ಲಾಬಿಯ ಸೋಫಾದಲ್ಲಿ ಕೂರಬೇಕಾ? ಬೇಗ ರೂಮು ಕೊಡುತ್ತೀರಾ, ಅದಕ್ಕೆ ಎಷ್ಟು ಅಂತ ಮೊದಲೇ ಮಾತಾಡಿ. ಲಾಡ್ಜಿನ ಕೊರತೆ ಅಂದರೆ ಲಿಫ್ಟ್ ಇರುವುದಿಲ್ಲ, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಕೆಲವು ಕಡೆ ಬಾರ್ ಅಂಟಿಕೊಂಡೇ ಇರುತ್ತದೆ. ಮಂಡಿನೋವಿಗೆ ಲಿಫ್ಟ್ ಇಲ್ಲದ್ದು ದೊಡ್ಡ ಅಡ್ಡಿ.

ಹಾಗಾಗಿ ನನ್ನ ಸಲಹೆ, ಮಗಳು ಆರಿಸಿದ ಹೋಟೆಲಿಗೇ ಫೋನ್ ಮಾಡಿ. ಹೊರಗಿನ ಕಿಟಕಿ, ನಡುವಿನ ಮಹಡಿ, ಗಾಜಿಲ್ಲದ ಬಚ್ಚಲು, ಈ ಮೂರಕ್ಕೆ ಹೂಂ ಅಂದರೆ ಬುಕ್ ಮಾಡಿ. ಮೂರೂ ಸಿಗದಿದ್ದರೆ ಗಾಜನ್ನು ಬಿಟ್ಟುಕೊಡಿ, ಪರದೆ ಕಟ್ಟಬಹುದು. ಕಿಟಕಿಯನ್ನು ಬಿಡಬೇಡಿ. ಐದು ಜನಕ್ಕೆ ಎರಡು ರೂಮು ಬೇಕು. ದುಡ್ಡು ಉಳಿಸಲು ಒಂದರಲ್ಲೇ ಹೆಚ್ಚುವರಿ ಹಾಸಿಗೆ ಹಾಕಿಸಿದರೆ ಐದು ಜನರ ಉಸಿರು, ಒದ್ದೆ ಟವೆಲ್, ನೆನೆದ ಕೊಡೆ ಎಲ್ಲ ಸೇರಿ ನಾನು ಮೇಲೆ ಹೇಳಿದ್ದೆಲ್ಲ ನೀವೇ ಮಾಡಿಕೊಂಡ ಹಾಗಾಗುತ್ತದೆ.

ಹೋಟೆಲಿನಲ್ಲಿ ಮೂರು ರಾತ್ರಿ ಬೇಡ, ಎರಡು ಸಾಕು. ಸಕ್ರೆಬೈಲು ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿಲೋಮೀಟರ್ ಅಷ್ಟೇ, ಆನೆಗಳು ಸ್ನಾನಕ್ಕೆ ಬರುವುದು ಬೆಳಗಿನ ಹೊತ್ತು, ತಿಂಡಿ ಮುಗಿಸಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ಜೋಗ ಹಾಗಲ್ಲ. ಹತ್ತಿರ ಹತ್ತಿರ ನೂರು ಕಿಲೋಮೀಟರ್. ಮಳೆಯಲ್ಲಿ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಅಲ್ಲಿ ಹೋದರೆ ಮಂಜು ಕವಿದು 253 ಮೀಟರ್ ಜಲಪಾತದ ಸದ್ದು ಮಾತ್ರ ಕೇಳಿಸುತ್ತಿರುತ್ತದೆ. ಮಂಜು ಸರಿಯುವವರೆಗೆ ಕಾಯಲು ಸಮಯ ಇಟ್ಟುಕೊಂಡೇ ಹೋಗಬೇಕು. ಸಾಗರದಿಂದ ಜೋಗಕ್ಕೆ ಸುಮಾರು 30 ಕಿಲೋಮೀಟರ್. ನಾದಿನಿ ಮನೆ ಸಾಗರದಲ್ಲೇ ಇದೆಯಲ್ಲ, ಮೂರನೇ ರಾತ್ರಿ ಅಲ್ಲಿ ಉಳಿದುಬಿಡಿ. ಅಲ್ಲಿ ಉಳಿಯದೆ ಹೋಟೆಲಿನಲ್ಲೇ ಮೂರೂ ರಾತ್ರಿ ಕಳೆದರೆ ಅವರಿಗೂ ಬೇಜಾರಾಗುತ್ತದೆ.

ಬಿಲ್ಲಿನ ಬಗ್ಗೆ ಚಿಕ್ಕದಾಗಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ನೂರಕ್ಕೆ 5 ಮಾತ್ರ, ಮೊದಲು 12 ಇತ್ತು. ಅದಕ್ಕಿಂತ ಮೇಲಿನ ರೂಮಿಗೆ 18. ಯಾರಾದರೂ ಹಳೇ ಲೆಕ್ಕದಲ್ಲಿ 12 ಹಾಕಿದರೆ ಕೇಳಿ. ಸರ್ವಿಸ್ ಚಾರ್ಜ್ ಅಂತ ತಾವಾಗಿಯೇ ಸೇರಿಸುವ ಹಾಗಿಲ್ಲ. 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಈ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ. ತೆಗೆಯಿರಿ ಅಂದರೆ ತೆಗೆಯಬೇಕು, ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಹೋಟೆಲ್ ಮುಟ್ಟಿದ ದಿನ ಮಾಡಬೇಕಾದ್ದು ಒಂದಿದೆ. ಲಗೇಜ್ ಕೆಳಗೇ ಇರಲಿ, ನೀವೊಬ್ಬರೇ ಮೊದಲು ರೂಮಿಗೆ ಹೋಗಿ. ಬಾಗಿಲು ತೆಗೆದ ಮೊದಲ ಹತ್ತು ಸೆಕೆಂಡ್ ಏನು ವಾಸನೆ ಬಂತೋ ಅದೇ ನಿಜ, ಆಮೇಲೆ ಮೂಗು ಒಗ್ಗಿಕೊಳ್ಳುತ್ತದೆ. ದಿಂಬು ಎತ್ತಿ ಮೂಸಿ. ಹಾಸಿಗೆ ಮೇಲಿನ ಬೆಡ್‌ಶೀಟಿನ ಅಡಿಗೆ ಅಂಗೈ ಒತ್ತಿ ಹಿಡಿಯಿರಿ. ಮಳೆಗಾಲದಲ್ಲಿ ಲಾಂಡ್ರಿಯಿಂದ ಅರ್ಧ ಒಣಗಿದ ಬಟ್ಟೆ ಬರುವುದು ಮಾಮೂಲು, ತಣ್ಣಗೆ ಜಿಗುಟು ಅನ್ನಿಸಿದರೆ ಬದಲಿಸಿ ಅನ್ನಿ. ಎಸಿಯ ಬಾಯಲ್ಲಿ ಕಪ್ಪು ಚುಕ್ಕೆ ಇದೆಯಾ, ವಾರ್ಡ್‌ರೋಬಿನ ಹಿಂಬದಿಯ ಹಲಗೆ ಉಬ್ಬಿದೆಯಾ, ಪರದೆಯ ಅಂಚು ಬಣ್ಣ ಬದಲಾಗಿದೆಯಾ ನೋಡಿ. ಸರಿ ಕಾಣದಿದ್ದರೆ ಆಗಲೇ ಕೆಳಗೆ ಬಂದು ಬೇರೆ ರೂಮು ಕೇಳಿ. ಯಾವ ರಿಸೆಪ್ಷನ್‌ನವರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಪೆಟ್ಟಿಗೆ ಬಿಚ್ಚಿ, ಸ್ನಾನ ಮಾಡಿ, ಸಂಜೆ ಏಳಕ್ಕೆ ಬಂದು ಕೇಳಿದರೆ ಮಾತ್ರ ಕಷ್ಟ. ಮುಹೂರ್ತದ ಹಿಂದಿನ ಸಂಜೆ ಊರಿನಲ್ಲಿ ಒಂದು ರೂಮೂ ಖಾಲಿ ಇರುವುದಿಲ್ಲ.